ಮಗುವಿನ ಪಾಲು ಮತ್ತು ಗೃಹಸ್ಥನ ಆದಾಯ

ಕೊಡುವುದರಲ್ಲಿ ಎರಡು ವಿಧಗಳುಂಟು. ಪಡೆಯುವವನ ದೈನ್ಯವನ್ನು ಕಂಡು ಮರುಗಿ ಕೊಡುವುದು ಒಂದು. ಪಡೆಯುವವನಿಗೆ ಸಲ್ಲಬೇಕಾದುದನ್ನು ಮನ್ನಿಸಿ ಕೊಡುವುದು ಇನ್ನೊಂದು. ಮೊದಲನೆಯದಕ್ಕೆ ದಾನವೆಂದೂ ಎರಡನೆಯದಕ್ಕೆ ಋಣಸಂದಾಯವೆಂದೂ ಹೆಸರು. ದಾನ ಮಾಡುವವನು ದೇಶ, ಕಾಲ, ಪಾತ್ರಗಳನ್ನು ವಿಚಾರಿಸತಕ್ಕದ್ದು ಯುಕ್ತವೇ. ಹಸಿದವನ ಮುಂದಿರುವ ಎಡೆಯನ್ನು ಉಂಡವನ ಮುಂದಿಡುವುದು ಅವಿವೇಕ. ಆದರೆ ಋಣ ತೀರಿಸುವವನಿಗೆ ಈ ವಿಚಾರಣೆಯ ಅಧಿಕಾರವಿಲ್ಲ. ಧಣಿ ಸಿರಿವಂತನಾದನೆಂಬ ಕಾರಣದಿಂದ ಸಾಲಗಾರನು ಸಾಲವನ್ನು ಮರೆಯಲಾಗದು. ಈ ಭೇದವು ಮೇಲುನೋಟಕ್ಕೆ ಸುಲಭವಾಗಿ ಕಂಡರೂ, ಒಂದು ರಾಜ್ಯವು ತನ್ನ ಮಕ್ಕಳಿಗಾಗಿ ಹಣ ತೆಗೆದಿಡುವ ಸಂದರ್ಭದಲ್ಲಿ ಅದು ಎಷ್ಟು ತೊಡಕಾಗುತ್ತದೆಂಬುದಕ್ಕೆ ಬ್ರಿಟನ್ ದೇಶದ ಒಂದು ಕರದ ಕಥೆ ಒಳ್ಳೆಯ ನಿದರ್ಶನವಾಗಿದೆ.

ಆ ದೇಶದಲ್ಲಿ ಮಗು ಹುಟ್ಟಿದ ಮನೆಗೆ ಸರಕಾರವು ವಾರವಾರದ ಲೆಕ್ಕದಲ್ಲಿ ಒಂದು ಭತ್ಯೆಯನ್ನು ಕೊಡುತ್ತದೆ. ಇದನ್ನು ಅಲ್ಲಿಯವರು ಚೈಲ್ಡ್ ಬೆನಿಫಿಟ್ ಎನ್ನುವರು. ಕನ್ನಡದಲ್ಲಿ ಮಕ್ಕಳ ಭತ್ಯೆ ಎನ್ನಬಹುದು. ಮಗುವಿಗೆ ಹದಿನಾರು ವರ್ಷ ತುಂಬುವವರೆಗೆ, ವಿದ್ಯಾಭ್ಯಾಸ ಮುಂದುವರಿದಿದ್ದರೆ ಇಪ್ಪತ್ತರವರೆಗೆ, ಇದು ಸಲ್ಲುತ್ತದೆ. ೨೦೨೫–೨೬ನೆಯ ಸಾಲಿನಲ್ಲಿ ಹಿರಿಯ ಮಗುವಿಗೆ ವಾರಕ್ಕೆ ೨೬ ಪೌಂಡು ೫ ಪೆನ್ನಿ, ಅನಂತರದ ಪ್ರತಿ ಮಗುವಿಗೆ ೧೭ ಪೌಂಡು ೨೫ ಪೆನ್ನಿ ಎಂದು ಗೊತ್ತುಮಾಡಿದ್ದರು. ಇಬ್ಬರು ಮಕ್ಕಳಿರುವ ಮನೆಗೆ ವರ್ಷಕ್ಕೆ ೨,೨೫೧ ಪೌಂಡುಗಳಿಗೆ ಸ್ವಲ್ಪ ಹೆಚ್ಚಾಯಿತು. ಇದರಿಂದ ಯಾರೂ ಧನಿಕರಾಗುವುದಿಲ್ಲ. ಆದರೆ ಪಾದರಕ್ಷೆ, ಹಾಲು, ಚಳಿಗಾಲದ ಉಣ್ಣೆಯ ಅಂಗಿ ಇವುಗಳ ವೆಚ್ಚವನ್ನು ಬಲ್ಲ ತಾಯಿಗೆ ಇದು ಅಲ್ಪವೂ ಅಲ್ಲ.

ಈ ಭತ್ಯೆಯ ಹಿಂದೆ ಒಬ್ಬ ಮಹಿಳೆಯ ಜೀವಮಾನದ ಹೋರಾಟವಿದೆ. ಎಲೀನರ್ ರ‍್ಯಾತ್‌ಬೋನ್ ಎಂಬವರು ೧೯೨೪ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಕೂಲಿಯೆಂಬುದು ಕೆಲಸವನ್ನು ನೋಡಿ ಕೊಡುವುದೇ ಹೊರತು ಮನೆಯಲ್ಲಿರುವ ಬಾಯಿಗಳನ್ನು ಎಣಿಸಿ ಕೊಡುವುದಲ್ಲವೆಂಬ ಮಾತನ್ನು ಲೋಕದ ಮುಂದಿಟ್ಟರು. ಒಂಟಿಯಾಗಿರುವ ಕೆಲಸಗಾರನಿಗೂ ನಾಲ್ವರು ಮಕ್ಕಳ ತಂದೆಗೂ ಸಂಬಳ ಒಂದೇ. ಸಂತೆಯು ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದು. ಆದುದರಿಂದ ಸಮಾಜವೇ ತೆಗೆದುಕೊಳ್ಳಬೇಕು. ಇದು ಆಕೆಯ ವಾದದ ತಿರುಳು. (ಇದೇ ಮಹಿಳೆಯು ಹಿಂದೂಸ್ಥಾನದ ಬಾಲ್ಯವಿವಾಹದ ವಿಷಯವಾಗಿಯೂ ೧೯೩೪ರಲ್ಲಿ ಪುಸ್ತಕವೊಂದನ್ನು ಬರೆದವರು.) ೧೯೪೨ರ ಬೆವರಿಜ್ ವರದಿಯು ಈ ವಾದಕ್ಕೆ ಬಲ ಕೊಟ್ಟಿತು. ೧೯೪೫ರಲ್ಲಿ ಪಾರ್ಲಿಮೆಂಟು ಕುಟುಂಬ ಭತ್ಯೆಯ ಶಾಸನವನ್ನು ಮಾಡಿತು. ಮಸೂದೆಯಲ್ಲಿ ಹಣವನ್ನು ತಂದೆಗೆ ಕೊಡಬೇಕೆಂದಿತ್ತು. ರ‍್ಯಾತ್‌ಬೋನ್ ಅದನ್ನು ಪ್ರಬಲವಾಗಿ ಪ್ರತಿಭಟಿಸಲು, ಕೊನೆಗೆ ಅದು ತಾಯಿಗೆ ಸಲ್ಲುವಂತಾಯಿತು. ಎರಡನೆಯ ಮಗುವಿನಿಂದ ಆರಂಭಿಸಿ ಪ್ರತಿ ಮಗುವಿಗೆ ವಾರಕ್ಕೆ ಐದು ಷಿಲಿಂಗ್. ೧೯೪೬ರ ಆಗಸ್ಟ್ ತಿಂಗಳಿನಲ್ಲಿ ಮೊದಲ ಹಣ ತಾಯಂದಿರ ಕೈ ಸೇರಿತು. ಅದಕ್ಕಾಗಿ ದುಡಿದವರು ಆ ವರ್ಷದ ಜನವರಿಯಲ್ಲಿಯೇ ತೀರಿಕೊಂಡಿದ್ದರು.

ಇದರ ಜೊತೆಗೆ ೧೯೦೯ರಿಂದಲೂ ಇನ್ನೊಂದು ಏರ್ಪಾಡು ಇತ್ತು. ಮಕ್ಕಳುಳ್ಳ ಕರದಾತನಿಗೆ ಆದಾಯದ ಕರದಲ್ಲಿ ಇಷ್ಟು ರಿಯಾಯತಿ ಎಂಬುದೇ ಅದು. ಕರ ಕೊಡುವಷ್ಟು ವರಮಾನವಿಲ್ಲದ ಬಡವನಿಗೆ ಅದರಿಂದ ಪ್ರಯೋಜನವಿರಲಿಲ್ಲ; ವರಮಾನ ಹೆಚ್ಚಿದಷ್ಟೂ ಲಾಭ ಹೆಚ್ಚು. ಮೇಲಾಗಿ ಆ ಲಾಭ ಬಹುಮಟ್ಟಿಗೆ ತಂದೆಯ ಸಂಬಳದ ಚೀಟಿಯಲ್ಲಿ ಸೇರುತ್ತಿತ್ತು. ೧೯೭೫ರ ಶಾಸನವು ಈ ರಿಯಾಯತಿಯನ್ನೂ ಹಳೆಯ ಭತ್ಯೆಯನ್ನೂ ಒಂದುಗೂಡಿಸಿ, ಮೊದಲ ಮಗುವೂ ಒಳಗೊಳ್ಳುವಂತೆ ಎಲ್ಲ ಮಕ್ಕಳಿಗೂ ಸಮಾನವಾದ ಭತ್ಯೆಯನ್ನು ವಿಧಿಸಿತು. ಬಾರ್ಬರಾ ಕ್ಯಾಸಲ್ ಎಂಬ ಮಂತ್ರಿಣಿ ಇದರ ಕರ್ತೃ. ಗಂಡನ ಜೇಬಿನಿಂದ ಹೆಂಡತಿಯ ಕೈಚೀಲಕ್ಕೆ ಹಣ ಸಾಗುತ್ತದೆಂದು ಆಗಿನ ಮಂತ್ರಿಮಂಡಲ ಅಂಜಿ, ೧೯೭೬ರಲ್ಲಿ ಯೋಜನೆಯನ್ನು ಮುಂದೂಡಲು ಯತ್ನಿಸಿತು. ಆ ಗುಟ್ಟು ಹೊರಬಿದ್ದು ಪತ್ರಿಕೆಯಲ್ಲಿ ಅಚ್ಚಾಯಿತು. ಜನರ ಆಕ್ರೋಶಕ್ಕೆ ಸರಕಾರ ಮಣಿಯಬೇಕಾಯಿತು. ೧೯೭೭ರಿಂದ ೧೯೭೯ರೊಳಗೆ ಹಂತಹಂತವಾಗಿ ಹೊಸ ಭತ್ಯೆ ಜಾರಿಗೆ ಬಂತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ೧೯೭೫ರ ಶಾಸನದ ದೃಷ್ಟಿಯಲ್ಲಿ ಭತ್ಯೆಯು ದಾನವಲ್ಲ. ಅದು ಹಳೆಯ ಕರರಿಯಾಯತಿಯ ರೂಪಾಂತರವೂ ಹೌದು. ಅಂದರೆ ಮಕ್ಕಳನ್ನು ಸಾಕುವವನಿಗೆ, ಅದೇ ವರಮಾನವುಳ್ಳ ಮಕ್ಕಳಿಲ್ಲದವನಿಗಿಂತ ಕರ ಕೊಡುವ ಶಕ್ತಿ ಕಡಿಮೆಯೆಂಬ ತತ್ತ್ವ ಅದರಲ್ಲಿ ಅಡಕವಾಗಿತ್ತು. ಈ ಮೂಲವನ್ನು ಮರೆತವರಿಗೆ ಮುಂದಿನ ಕಥೆ ಸರಿಯಾಗಿ ತಿಳಿಯುವುದಿಲ್ಲ.

ಮುಂದಿನ ಕಥೆ ಇದು. ೨೦೧೦ರ ಅಕ್ಟೋಬರ್ ತಿಂಗಳಿನಲ್ಲಿ ಬ್ರಿಟನ್ನಿನ ಅರ್ಥಸಚಿವ ಜಾರ್ಜ್ ಆಸ್ಬರ್ನ್ ಅವರು, ಬೊಕ್ಕಸ ಬರಿದಾಗಿರುವಾಗ ಹೆಚ್ಚಿನ ದರದಲ್ಲಿ ಕರ ಕೊಡುವ ಸ್ಥಿತಿವಂತರಿಗೆ ಈ ಭತ್ಯೆ ತಕ್ಕುದಲ್ಲವೆಂದು ಸಾರಿದರು. ೨೦೧೨ರಲ್ಲಿ ಶಾಸನವಾಗಿ, ೨೦೧೩ರ ಜನವರಿ ೭ರಿಂದ ಅದು ಆಚರಣೆಗೆ ಬಂದಿತು. ಭತ್ಯೆಯನ್ನು ನಿಲ್ಲಿಸಲಿಲ್ಲ, ಕೊಟ್ಟುದನ್ನು ಬೇರೊಂದು ಕರದ ಮೂಲಕ ಹಿಂದಕ್ಕೆ ಪಡೆಯುವ ಉಪಾಯವನ್ನು ಹೂಡಿದರು. ಅಧಿಕ ಆದಾಯದವರ ಮಕ್ಕಳ ಭತ್ಯೆಯ ಕರವೆಂದು ಇದನ್ನು ಕರೆಯಬಹುದು. ದಂಪತಿಗಳಲ್ಲಿ ಒಬ್ಬರ ವಾರ್ಷಿಕ ಆದಾಯ ೫೦,೦೦೦ ಪೌಂಡುಗಳನ್ನು ಮೀರಿದರೆ, ಮೀರಿದ ಪ್ರತಿ ನೂರು ಪೌಂಡಿಗೆ ಭತ್ಯೆಯ ನೂರರಲ್ಲೊಂದು ಪಾಲನ್ನು ಕರವಾಗಿ ಮರಳಿಸಬೇಕು. ೬೦,೦೦೦ ಮುಟ್ಟಿದೊಡನೆ ಭತ್ಯೆಯೆಲ್ಲವೂ ಹೋಯಿತು. ೨೦೨೪ರ ಏಪ್ರಿಲಿನಿಂದ ಕೆಳಗಿನ ಮೇರೆಯನ್ನು ೬೦,೦೦೦ಕ್ಕೂ ಮೇಲಿನ ಮೇರೆಯನ್ನು ೮೦,೦೦೦ಕ್ಕೂ ಏರಿಸಿ, ಪ್ರತಿ ಇನ್ನೂರು ಪೌಂಡಿಗೆ ನೂರರಲ್ಲೊಂದು ಎಂದು ಸಡಿಲಿಸಿದ್ದಾರೆ.

ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸುವುದು ಮೊದಲ ಕರ್ತವ್ಯ. ಬೀದಿ ಗುಡಿಸುವವನೂ ಅಂಗಡಿಯಲ್ಲಿ ನಿಂತು ಮಾರುವವಳೂ ಕರ ಕೊಡುತ್ತಾರೆ. ಅವರ ಬೆವರಿನ ಹಣದಿಂದ, ಅವರಿಗಿಂತ ಮೂರು ನಾಲ್ಕು ಪಾಲು ಗಳಿಸುವ ನ್ಯಾಯವಾದಿಯ ಮಕ್ಕಳಿಗೆ ಭತ್ಯೆ ಕೊಡುವುದು ಧರ್ಮವೆ? ಸಿರಿವಂತನ ಮನೆಯಲ್ಲಿ ಆ ಹಣ ಮಗುವಿನ ಹಾಲಿಗಾಗಿ ವ್ಯಯವಾಗುವುದೆಂದು ನಂಬಲು ಏನು ಆಧಾರ? ಅಲ್ಲಿ ಅದು ಉಳಿತಾಯದ ಖಾತೆಗೆ ಸೇರಬಹುದು, ವಿಹಾರಕ್ಕೆ ಹೋಗಬಹುದು. ಕೊಡತಕ್ಕ ಹಣಕ್ಕೆ ಮಿತಿಯಿರುವಾಗ, ಬೇಕಾದವನಿಗೆ ಕೊಡುವುದೇ ವಿವೇಕ. ಈ ವಾದವನ್ನು ಕೃಪಣರ ಮಾತೆಂದು ತಳ್ಳಿಹಾಕುವುದು ಸಲ್ಲದು. ಬಡವನ ಪಾಲನ್ನು ಕಾಯುವ ಕಳಕಳಿ ಅದರಲ್ಲಿ ನಿಜವಾಗಿಯೂ ಇದೆ.

ಆದರೆ ವಾದದ ಬಲವು ಅದನ್ನು ಆಚರಣೆಗೆ ತಂದ ಬಗೆಯಿಂದ ಪರೀಕ್ಷಿತವಾಗುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡಿದರೆ ಸಾಕೆಂಬ ಸ್ಥಾಲೀಪುಲಾಕ ನ್ಯಾಯದಂತೆ, ಎರಡು ಮನೆಗಳನ್ನು ಊಹಿಸಿಕೊಳ್ಳಬಹುದು. ಮೊದಲ ಮನೆಯಲ್ಲಿ ಗಂಡನೂ ಹೆಂಡತಿಯೂ ದುಡಿಯುತ್ತಾರೆ. ಒಬ್ಬೊಬ್ಬರ ಸಂಬಳ ೬೦,೦೦೦ ಪೌಂಡು, ಒಟ್ಟು ೧,೨೦,೦೦೦. ಎರಡನೆಯ ಮನೆಯಲ್ಲಿ ಗಂಡನು ಮಾತ್ರ ದುಡಿದು ೮೦,೦೦೦ ತರುತ್ತಾನೆ. ಹೆಂಡತಿ ಚಿಕ್ಕ ಮಕ್ಕಳನ್ನು ನೋಡಿಕೊಂಡು ಮನೆಯಲ್ಲಿದ್ದಾಳೆ. ಎರಡು ಮನೆಗಳಲ್ಲಿಯೂ ಇಬ್ಬಿಬ್ಬರು ಮಕ್ಕಳು. ಈಗಿನ ಕಾನೂನಿನಂತೆ ಮೊದಲ ಮನೆಗೆ ಭತ್ಯೆಯೆಲ್ಲವೂ ಉಳಿಯುತ್ತದೆ. ಎರಡನೆಯ ಮನೆಗೆ ಒಂದು ಪೆನ್ನಿಯೂ ಉಳಿಯುವುದಿಲ್ಲ. ನಲವತ್ತು ಸಾವಿರ ಹೆಚ್ಚು ವರಮಾನವುಳ್ಳವರು ಪಡೆಯುವರು, ಕಡಿಮೆ ವರಮಾನದವರು ಕಳೆದುಕೊಳ್ಳುವರು. ಕರವಿಲ್ಲದ ಮೊದಲ ಪಾಲಿನ ವಿನಾಯಿತಿಯೂ ಮೊದಲ ಮನೆಯಲ್ಲಿ ಇಬ್ಬರಿಗೂ ಸಲ್ಲುವುದರಿಂದ ಆದಾಯದ ಕರದಲ್ಲಿಯೂ ಅವರಿಗೇ ಅನುಕೂಲ. ಬಡವನ ಹಣವು ಸಿರಿವಂತನಿಗೆ ಹೋಗಬಾರದೆಂದು ಹೊರಟ ನಿಯಮವು, ಹೆಚ್ಚು ಸಿರಿವಂತನನ್ನು ಬಿಟ್ಟು ಕಡಿಮೆ ಸಿರಿವಂತನನ್ನು ಹಿಡಿಯಿತು.

ಇದು ಅಧಿಕಾರಿಗಳ ಕಣ್ತಪ್ಪಿನಿಂದ ಆದುದಲ್ಲವೆಂಬುದೇ ಸ್ವಾರಸ್ಯ. ಇದರ ಬೇರು ಇನ್ನೊಂದು ಒಳ್ಳೆಯ ಸುಧಾರಣೆಯಲ್ಲಿದೆ. ೧೯೯೦ರ ಏಪ್ರಿಲಿಗಿಂತ ಮುಂಚೆ ಬ್ರಿಟನ್ನಿನಲ್ಲಿ ಹೆಂಡತಿಯ ಆದಾಯವು ಕಾನೂನಿನ ಕಣ್ಣಿಗೆ ಗಂಡನ ಆದಾಯವೇ ಆಗಿತ್ತು. ಆಕೆಯ ಲೆಕ್ಕವನ್ನು ಒಪ್ಪಿಸಬೇಕಾದವನು ಅವನು. ೧೯೯೦ರಿಂದ ಪತಿಯೂ ಪತ್ನಿಯೂ ಕರದ ವಿಷಯದಲ್ಲಿ ಪ್ರತ್ಯೇಕ ವ್ಯಕ್ತಿಗಳಾದರು. ಆಕೆಯ ಗಳಿಕೆ ಆಕೆಯದು, ಆಕೆಯ ಗುಟ್ಟು ಆಕೆಯದು. (ನಮ್ಮ ದೇಶದ ಕಾನೂನು ಅವಿಭಕ್ತ ಹಿಂದೂ ಕುಟುಂಬವನ್ನು ಕರಕ್ಕೆ ಒಂದು ಘಟಕವೆಂದು ಬೇರೆಯಾಗಿ ಎಣಿಸುತ್ತದೆಂಬುದನ್ನು ವಾಚಕರು ಬಲ್ಲರು, ಬ್ರಿಟನ್ನಿನಲ್ಲಿ ಅಂತಹ ಎಣಿಕೆಯಿಲ್ಲ.) ಹೀಗಿರಲು ಕರದ ಇಲಾಖೆಯ ಬಳಿ ವ್ಯಕ್ತಿಗಳ ಲೆಕ್ಕವಿದೆ, ಮನೆಗಳ ಲೆಕ್ಕವಿಲ್ಲ. ಮನೆಗೆ ಕೊಟ್ಟ ಭತ್ಯೆಯನ್ನು ವ್ಯಕ್ತಿಯ ಆದಾಯದಿಂದ ಅಳೆಯಹೊರಟುದರಿಂದ ಈ ವಿಷಮತೆ ಹುಟ್ಟಿತು. ಬಟ್ಟೆಯನ್ನು ಸೇರಿನಿಂದ ಅಳೆದಂತಾಯಿತು.

ಮನೆಯ ಒಟ್ಟು ವರಮಾನವನ್ನೇ ಅಳತೆಗೆ ಇಟ್ಟುಕೊಂಡರಾಗದೆ ಎಂದು ಸಹಜವಾಗಿ ತೋರುತ್ತದೆ. ೨೦೨೪ರ ಮಾರ್ಚಿಯಲ್ಲಿ ಆಗಿನ ಅರ್ಥಸಚಿವ ಜೆರೆಮಿ ಹಂಟ್ ಅವರು ೨೦೨೬ರ ಏಪ್ರಿಲಿನೊಳಗೆ ಹಾಗೆ ಮಾಡುವುದಾಗಿ ಹೇಳಿದರು. ಅದೇ ವರ್ಷ ಸರಕಾರ ಬದಲಾಯಿತು. ಅಕ್ಟೋಬರ್ ತಿಂಗಳಿನ ಆಯವ್ಯಯದಲ್ಲಿ ಹೊಸ ಸರಕಾರವು, ೨೦೨೯–೩೦ರ ಹೊತ್ತಿಗೆ ೧೪೦ ಕೋಟಿ ಪೌಂಡುಗಳ ಹೊರೆಯಾಗುವುದೆಂದು ಆ ಯೋಚನೆಯನ್ನು ಕೈಬಿಟ್ಟಿತು. ಹಣದ ಮಾತು ಹಾಗಿರಲಿ. ಹಣವಿದ್ದರೂ ಈ ಮಾರ್ಗದಲ್ಲಿ ಒಂದು ಮುಳ್ಳಿದೆ. ಮನೆಯ ಲೆಕ್ಕ ಬೇಕಾದರೆ ಹೆಂಡತಿಯ ಆದಾಯವನ್ನು ಗಂಡನಿಗೂ ಗಂಡನದನ್ನು ಹೆಂಡತಿಗೂ ತಿಳಿಸಬೇಕು. ಯಾರು ಯಾರೊಡನೆ ಬಾಳುತ್ತಿರುವರೆಂದು ಕರದ ಅಧಿಕಾರಿಯು ವಿಚಾರಿಸಬೇಕು. ೧೯೯೦ರಲ್ಲಿ ಸ್ತ್ರೀಗೆ ದೊರೆತ ಸ್ವಾತಂತ್ರ್ಯದ ಒಂದಂಶವು ಅಲ್ಲಿಗೆ ಕಳೆಯಿತು. ಎಂದರೆ ಒಂದು ಅನ್ಯಾಯವನ್ನು ನೀಗಲು ಇನ್ನೊಂದು ನ್ಯಾಯವನ್ನು ಬಲಿಕೊಡಬೇಕಾಗುತ್ತದೆ. ಈ ವಿಷಯದಲ್ಲಿ ಸುಲಭವಾದ ಪರಿಹಾರವಿದೆಯೆನ್ನುವವರು ವಿಷಯವನ್ನು ಪೂರ್ತಿಯಾಗಿ ನೋಡಿದವರಲ್ಲ.

ಈಗಿನ ಏರ್ಪಾಡಿನಲ್ಲಿಯೂ ಆ ಸ್ವಾತಂತ್ರ್ಯ ಅರ್ಧ ಭಗ್ನವಾಗಿಯೇ ಇದೆ. ಭತ್ಯೆಯನ್ನು ಪಡೆಯುವವಳು ತಾಯಿ; ಕರವನ್ನು ತೆರಬೇಕಾದವರು ಇಬ್ಬರಲ್ಲಿ ಹೆಚ್ಚು ಆದಾಯವುಳ್ಳವರು. ಆಕೆ ಹಣ ಪಡೆದಿರುವ ಸಂಗತಿ ಅವನಿಗೆ ತಿಳಿದಿರಲೇಬೇಕೆಂಬ ನಿಯಮವಿಲ್ಲ, ಆದರೆ ಕರ ಮಾತ್ರ ತಪ್ಪದು. ಮಕ್ಕಳಿರುವ ಒಬ್ಬಾಕೆಯೊಡನೆ ಬೇರೊಬ್ಬನು ಬಾಳ್ವೆ ಹೂಡಿದರೆ, ಆ ಮಕ್ಕಳು ತನ್ನವಲ್ಲದಿದ್ದರೂ ಅವನೇ ಕರದಾತನಾಗುತ್ತಾನೆ. ಸಂಬಳದಲ್ಲಿಯೇ ಕರ ಮುರಿದುಕೊಳ್ಳುವ ನೌಕರನು ಅದುವರೆಗೆ ಇಲಾಖೆಗೆ ಲೆಕ್ಕ ಒಪ್ಪಿಸಿದವನಲ್ಲ. ವರ್ಷಕ್ಕಿಷ್ಟು ಬಡತಿ ಸಿಕ್ಕಿ ಮೇರೆಯನ್ನು ದಾಟಿದ್ದನ್ನು ಅವನು ಗಮನಿಸುವುದಿಲ್ಲ. ಕೆಲವು ವರ್ಷಗಳ ಮೇಲೆ ಹಿಂಬಾಕಿಯೂ ದಂಡವೂ ಸೇರಿದ ಕಾಗದ ಬಾಗಿಲಿಗೆ ಬರುತ್ತದೆ. ಹೀಗೆ ಬಂದ ದೂರುಗಳು ಹೆಚ್ಚಿದಾಗ ೨೦೧೮ರಲ್ಲಿ ಇಲಾಖೆಯೇ ಮೊದಲ ವರ್ಷಗಳ ದಂಡಗಳನ್ನು ಮರುಪರಿಶೀಲಿಸಿ, ತಕ್ಕ ಕಾರಣವಿದ್ದ ಮನೆಗಳಿಗೆ ಹಣ ಹಿಂದಿರುಗಿಸಿತು. ೨೦೨೧ರಲ್ಲಿ ಮೇಲಿನ ನ್ಯಾಯಮಂಡಲಿಯು, ಲೆಕ್ಕ ಒಪ್ಪಿಸದವರ ಮೇಲೆ ಇಲಾಖೆ ಬಳಸಿದ ಹಿಂಬಾಕಿಯ ಕ್ರಮವು ಕಾನೂನಿನ ಮಾತಿಗೆ ಹೊಂದದೆಂದು ತೀರ್ಪಿತ್ತಿತು. ಆಗ ಪಾರ್ಲಿಮೆಂಟು ೨೦೨೨ರಲ್ಲಿ ಕಾನೂನನ್ನು ತಿದ್ದಿ, ಆ ತಿದ್ದುಪಡಿಯು ಹಿಂದಿನ ಕಾಲಕ್ಕೂ ಅನ್ವಯವಾಗುವಂತೆ ಮಾಡಿತು. ಆಗಲೇ ಮೇಲ್ಮನವಿ ಹೂಡಿದ್ದ ಕೆಲವರಿಗೆ ರಕ್ಷಣೆಯಿತ್ತು. ಉಳಿದವರಿಗೆ ನ್ಯಾಯಮಂಡಲಿಯ ತೀರ್ಪು ಬರಿಯ ಸುದ್ದಿಯಾಯಿತು. ಪ್ರಜೆಯು ನಿನ್ನೆ ಮಾಡಿದ ತಪ್ಪಿಗೆ ದಂಡ ಉಂಟು. ಸರಕಾರ ನಿನ್ನೆ ಮಾಡಿದ ತಪ್ಪನ್ನು ಇಂದಿನ ಶಾಸನ ಅಳಿಸುತ್ತದೆ.

ಇಷ್ಟನ್ನೂ ಆಚರಣೆಯ ದೋಷವೆಂದು ಬದಿಗಿಡಬಹುದು. ೨೦೨೫ರಿಂದ ಈ ಕರವನ್ನು ಸಂಬಳದಲ್ಲಿಯೇ ಮುರಿದುಕೊಳ್ಳುವ ಸೌಕರ್ಯವನ್ನು ಕಲ್ಪಿಸಿರುವುದರಿಂದ ಅದರ ಉಪಟಳ ಸ್ವಲ್ಪ ತಗ್ಗಿದೆ. ಮುಖ್ಯವಾದ ಪ್ರಶ್ನೆ ಬೇರೆ. ಸಮಾನ ಆದಾಯವುಳ್ಳ ಇಬ್ಬರನ್ನು ತೆಗೆದುಕೊಳ್ಳಿರಿ. ಇಬ್ಬರ ಸಂಬಳವೂ ೭೦,೦೦೦ ಪೌಂಡು. ಒಬ್ಬನಿಗೆ ಮಕ್ಕಳಿಲ್ಲ, ಇನ್ನೊಬ್ಬನಿಗೆ ಇಬ್ಬರು. ಇಬ್ಬರಿಗೂ ಒಂದು ಸಾವಿರ ಪೌಂಡು ಬಡತಿಯಾಯಿತು. ಇಂಗ್ಲಂಡಿನಲ್ಲಿ ಮಕ್ಕಳಿಲ್ಲದವನು ಆ ಸಾವಿರದಲ್ಲಿ ಆದಾಯದ ಕರವಾಗಿ ನೂರಕ್ಕೆ ೪೦, ರಾಷ್ಟ್ರೀಯ ವಿಮೆಗೆ ೨, ಅಂತೂ ನೂರಕ್ಕೆ ೪೨ನ್ನು ತೆರುತ್ತಾನೆ. ಮಕ್ಕಳುಳ್ಳವನು ಅದರ ಮೇಲೆ ಭತ್ಯೆಯ ಕರವಾಗಿ ಮತ್ತೆ ನೂರಕ್ಕೆ ೧೧ಕ್ಕೂ ಮಿಕ್ಕಿ ಕೊಟ್ಟು, ಒಟ್ಟು ನೂರಕ್ಕೆ ೫೩ನ್ನು ತೆರುತ್ತಾನೆ. ೨೦೧೩ರ ನಿಯಮದಲ್ಲಿ ಇದು ನೂರಕ್ಕೆ ೫೯ರಷ್ಟಿತ್ತು. ಮಕ್ಕಳ ಸಂಖ್ಯೆ ಹೆಚ್ಚಿದಷ್ಟೂ ಈ ಕರದ ದರವೂ ಹೆಚ್ಚು. ಮಕ್ಕಳುಳ್ಳವನಿಗೆ ಕರ ಕೊಡುವ ಶಕ್ತಿ ಕಡಿಮೆಯೆಂದು ೧೯೦೯ರಲ್ಲಿ ಒಪ್ಪಿದ ತತ್ತ್ವವು ಇಲ್ಲಿ ತಲೆಕೆಳಗಾಗಿದೆ. ಭತ್ಯೆಯು ದಾನವಾಗಿದ್ದರೆ, ಸ್ಥಿತಿವಂತನಿಂದ ಅದನ್ನು ಹಿಂದಕ್ಕೆ ಪಡೆದುದರಲ್ಲಿ ತಪ್ಪಿಲ್ಲ. ಅದು ಕರದಲ್ಲಿ ಸಲ್ಲಬೇಕಾದ ರಿಯಾಯತಿಯ ರೂಪಾಂತರವಾಗಿದ್ದರೆ, ಹಾಗೆ ಪಡೆಯುವುದು ಕೊಡಬೇಕಾದುದನ್ನು ಕೊಡದಿರುವುದೇ ಆಗುತ್ತದೆ. ಒಂದೇ ಹಣವನ್ನು ಕೊಡುವಾಗ ಹಕ್ಕೆಂದೂ, ತೆಗೆಯುವಾಗ ದಾನವೆಂದೂ ಎಣಿಸುವುದು ಯುಕ್ತಿಗೆ ನಿಲ್ಲದು.

ಇದಕ್ಕೆ ಪೂರ್ವಪಕ್ಷದವರು ಮತ್ತೊಂದು ಆಕ್ಷೇಪವನ್ನು ತರುವರು. ಮಕ್ಕಳನ್ನು ಹೆರುವುದು ದಂಪತಿಗಳ ಇಚ್ಛೆ. ಅವರ ಸಂತೋಷಕ್ಕೆ ಮಕ್ಕಳಿಲ್ಲದವನು ಏಕೆ ಬೆಲೆ ತೆರಬೇಕು? ಈ ಆಕ್ಷೇಪಕ್ಕೆ ಸಮಾಧಾನವು ಬ್ರಿಟನ್ನಿನ ಪಿಂಚಿಣಿಯ ವ್ಯವಸ್ಥೆಯಲ್ಲಿಯೇ ಇದೆ. ಅಲ್ಲಿನ ಸರಕಾರಿ ಪಿಂಚಿಣಿಯನ್ನು ಯಾರೂ ತಮ್ಮ ಹೆಸರಿನ ಪೆಟ್ಟಿಗೆಯಲ್ಲಿ ಕೂಡಿಟ್ಟಿರುವುದಿಲ್ಲ. ಇಂದು ದುಡಿಯುವವರು ವಿಮೆಗೆ ತೆರುವ ಹಣವೇ ಇಂದಿನ ವೃದ್ಧರ ಪಿಂಚಿಣಿ. ಇಂದು ತೊಟ್ಟಿಲಲ್ಲಿರುವ ಶಿಶುಗಳು ಮುಂದೆ ದುಡಿದು ತೆತ್ತಾಗಲೇ ಇಂದಿನ ಯುವಕರಿಗೆ ವೃದ್ಧಾಪ್ಯದಲ್ಲಿ ಅನ್ನ. ಮಕ್ಕಳನ್ನು ಸಾಕದವನೂ ಆ ಅನ್ನದಲ್ಲಿ ಪಾಲುಗಾರನೇ. ಹೀಗಿರುವಾಗ ಶಿಶುಪೋಷಣೆಯು ಎರಡು ಜನರ ವಿನೋದವೆಂಬುದು ಒಪ್ಪತಕ್ಕ ಮಾತಲ್ಲ. ಅದು ಇಡೀ ಸಮಾಜದ ಕಾಯಕದ ಒಂದು ಭಾಗ. ಅದರಲ್ಲಿ ಬಹುಪಾಲನ್ನು ತಾಯಿ ಸಂಬಳವಿಲ್ಲದೆ ಮಾಡುತ್ತಾಳೆ.

ಸಿರಿವಂತರಿಂದ ಹೆಚ್ಚು ಪಡೆಯಬಾರದೆಂಬುದು ಇದರ ಅರ್ಥವಲ್ಲ. ಪಡೆಯಲೇಬೇಕು. ಆದರೆ ಅದಕ್ಕೆ ಆದಾಯದ ಕರವೆಂಬ ಸರಳವಾದ ದಾರಿ ಇದೆ. ೮೦,೦೦೦ ಪೌಂಡು ಗಳಿಸುವವನು ಬೊಕ್ಕಸಕ್ಕೆ ಇನ್ನಷ್ಟು ಕೊಡಬಲ್ಲನಾದರೆ, ಮಕ್ಕಳಿದ್ದವನೂ ಇಲ್ಲದವನೂ ಕೂಡಿಯೇ ಕೊಡಲಿ. ಬೀದಿ ಗುಡಿಸುವವನ ಹಣದ ಬಗ್ಗೆ ಕಳಕಳಿಯಿದ್ದವರು ಆ ಹೊರೆಯನ್ನು ಸಮಾನ ಶಕ್ತಿಯುಳ್ಳ ಎಲ್ಲರ ಮೇಲೆ ಹಾಕಬೇಕಿತ್ತು. ಅದನ್ನು ಬಿಟ್ಟು, ಅವರೊಳಗೆ ತೊಟ್ಟಿಲು ತೂಗುವವರನ್ನು ಮಾತ್ರ ಆರಿಸಿ ತೆಗೆದುದರಲ್ಲಿ, ರಾಜಕಾರ್ಯದ ಸೌಲಭ್ಯವಿರಬಹುದೇ ಹೊರತು ಧರ್ಮಸೂಕ್ಷ್ಮವಿಲ್ಲ. ಹೊಸ ಕರವೊಂದನ್ನು ಎಲ್ಲರ ಮೇಲೆ ಹೇರಿದರೆ ಕೂಗು ಏಳುತ್ತದೆ. ಭತ್ಯೆಯನ್ನು ಮೆಲ್ಲನೆ ಹಿಂದಕ್ಕೆಳೆದರೆ ಅಷ್ಟು ಕೂಗು ಏಳುವುದಿಲ್ಲ.

ಹೀಗೆ ಉಳಿದ ಹಣವಾದರೂ ಬಡವರ ಮಕ್ಕಳಿಗೆ ಹೋಯಿತೆ ಎಂದು ಕೇಳುವುದು ಸಹಜ. ಭತ್ಯೆಯ ದರಗಳ ಪಟ್ಟಿಯನ್ನು ನೋಡಿದರೆ ಹಾಗೆ ಹೇಳಲಾಗದು. ೨೦೧೦ರಲ್ಲಿ ಹಿರಿಯ ಮಗುವಿಗೆ ವಾರಕ್ಕೆ ೨೦ ಪೌಂಡು ೩೦ ಪೆನ್ನಿ ಇದ್ದದ್ದು ೨೦೧೪ರ ಏಪ್ರಿಲಿನವರೆಗೆ ಅಷ್ಟೇ ಇತ್ತು. ೨೦೧೫ರಲ್ಲಿ ೨೦ ಪೌಂಡು ೭೦ ಪೆನ್ನಿಯಾದುದು ೨೦೨೦ರವರೆಗೆ ಕದಲಲಿಲ್ಲ. ಬೆಲೆಗಳು ಏರುತ್ತಿದ್ದವು, ಭತ್ಯೆ ಮಾತ್ರ ಬಡವನಿಗೂ ನಿಂತಲ್ಲೇ ನಿಂತಿತ್ತು. ಸ್ಥಿತಿವಂತರನ್ನು ಹೊರಗಿಟ್ಟುದೇ ಇದಕ್ಕೆ ಕಾರಣವೆನ್ನಲಾಗದು. ಮೊದಲ ನಿಲುಗಡೆ ಹೊಸ ಕರಕ್ಕಿಂತ ಮೊದಲೇ ಆರಂಭವಾಗಿತ್ತು. ಆದರೂ ಎಲ್ಲರಿಗೂ ಸಲ್ಲುವ ವಸ್ತುವನ್ನು ಕಾಪಾಡಲು ಎಲ್ಲರೂ ದನಿಯೆತ್ತುವರು. ಕೆಲವರಿಗೆ ಮಾತ್ರ ಸಲ್ಲುವುದಕ್ಕೆ ದನಿಯೆತ್ತುವವರು ಕಡಿಮೆ. ೧೯೭೬ರಲ್ಲಿ ಭತ್ಯೆಯನ್ನು ಉಳಿಸಿದ್ದು ಆ ಎಲ್ಲರ ದನಿ.

ಮೇರೆಯೂ ಅಂತೆಯೇ ನಿಂತಿತ್ತು. ೨೦೧೩ರಿಂದ ೨೦೨೪ರವರೆಗೆ, ಹನ್ನೊಂದು ವರ್ಷ, ೫೦,೦೦೦ ಎಂಬ ಅಂಕೆ ಬದಲಾಗಲಿಲ್ಲ. ಆರಂಭದಲ್ಲಿ ಅದು ನಿಜವಾಗಿಯೂ ಸ್ಥಿತಿವಂತರ ಅಂಕೆ. ಹೆಚ್ಚಿನ ದರದ ಕರ ಆಗ ೪೧,೪೫೦ ಪೌಂಡಿನಿಂದಲೇ ಆರಂಭವಾಗುತ್ತಿತ್ತು. ೨೦೨೧ರ ಹೊತ್ತಿಗೆ ಆ ಆರಂಭದ ಅಂಕೆ ೫೦,೨೭೦ಕ್ಕೆ ಏರಿತ್ತು. ಹೀಗೆ ಸಾಮಾನ್ಯ ದರದ ಕರ ಕೊಡುವವನೂ ಅಧಿಕ ಆದಾಯದವನೆಂಬ ಹೆಸರಿನ ಕರಕ್ಕೆ ಸಿಕ್ಕಿಬಿದ್ದನು. ಅವನು ಸಿರಿವಂತನಾಗಿರಲಿಲ್ಲ, ಕಾಲ ಸರಿದಿತ್ತು.

ಜಾಣರಾದವರು ದಾರಿ ಕಂಡುಕೊಂಡರು. ಆದಾಯವನ್ನು ಎಣಿಸುವಾಗ ಪಿಂಚಿಣಿಯ ನಿಧಿಗೆ ಕಟ್ಟಿದ ಹಣವನ್ನೂ ಧರ್ಮಸಂಸ್ಥೆಗಳಿಗೆ ವಿಧಿಪೂರ್ವಕ ಕೊಟ್ಟ ದಾನವನ್ನೂ ಕಳೆಯಲಾಗುತ್ತದೆ. ೬೬,೦೦೦ ಗಳಿಸುವವನು ೬,೦೦೦ವನ್ನು ಪಿಂಚಿಣಿಗೆ ಹಾಕಿದರೆ ಭತ್ಯೆಯ ಕರದಿಂದ ಪೂರ್ತಿಯಾಗಿ ಮುಕ್ತನು. ಇದು ಕಾನೂನುಬದ್ಧವೇ, ಇದರಲ್ಲಿ ವಂಚನೆಯಿಲ್ಲ. ಆದರೆ ಹಾಗೆ ಹಣವನ್ನು ಕಟ್ಟಿಡಬಲ್ಲವನು, ಇವತ್ತಿನ ಬಾಡಿಗೆಗೂ ಶಿಶುವಿಹಾರದ ಶುಲ್ಕಕ್ಕೂ ಆ ಹಣ ಬೇಡದವನು. ಒಬ್ಬನೇ ದುಡಿಯುವ ಮನೆಯಲ್ಲಿ ಆ ಬಿಡುವು ಅಪರೂಪ. ಅಂದರೆ ಸ್ಥಿತಿವಂತರನ್ನು ಹಿಡಿಯಲೆಂದು ಹೆಣೆದ ಬಲೆಯಲ್ಲಿ, ಹೆಚ್ಚು ಸ್ಥಿತಿವಂತರು ನುಸುಳುವ ಕಂಡಿ ಇದು. ಮಗುವಿನ ಇಂದಿನ ಪಾಲನ್ನು ಉಳಿಸಲು ತಂದೆಯು ತನ್ನ ಮುಪ್ಪಿನ ಗಂಟನ್ನು ಬೆಳೆಸಬೇಕಾದ ವಿಚಿತ್ರವನ್ನೂ ಇಲ್ಲಿ ಕಾಣಬಹುದು.

ಕನ್ನಡ ನಾಡಿನಿಂದ ಹೋಗಿ ಬ್ರಿಟನ್ನಿನಲ್ಲಿ ನೆಲೆಸಿದ ವೈದ್ಯರು, ಇಂಜಿನಿಯರರು ಈ ನಿಯಮಗಳ ನಡುವೆ ಬಾಳುತ್ತಿದ್ದಾರೆ. ಕೆಲಸದ ವೀಸಾ ಮೇಲೆ ಹೋದವರಿಗೆ ಸಾರ್ವಜನಿಕ ನಿಧಿಯ ಆಶ್ರಯ ಸಾಮಾನ್ಯವಾಗಿ ಇಲ್ಲ. ಮಕ್ಕಳ ಭತ್ಯೆಯೂ ಆ ನಿಧಿಯ ಪಟ್ಟಿಯಲ್ಲಿ ಸೇರಿದೆ. ಕರವನ್ನೂ ವಿಮೆಯನ್ನೂ ಅವರು ಮೊದಲ ದಿನದಿಂದಲೇ ತೆರುತ್ತಾರೆ. ಖಾಯಂ ವಾಸದ ಅನುಮತಿ ದೊರೆತ ಮೇಲೆ ಭತ್ಯೆಗೆ ಅರ್ಹರಾಗುವರು. ಅಷ್ಟು ಹೊತ್ತಿಗೆ ಹಿರಿಯ ವೈದ್ಯನ ಸಂಬಳ ಮೇರೆಯನ್ನು ದಾಟಿರುವುದೂ ಉಂಟು. ಬಡವನಾಗಿದ್ದಾಗ ಪರದೇಶಿಯೆಂದು ಇಲ್ಲ, ನೆಲೆಯಾದಾಗ ಸಿರಿವಂತನೆಂದು ಇಲ್ಲ. ಮಗುವಿಗೆ ಸರಕಾರವೇ ಹಣ ಕೊಡುವುದಂತೆ ಎಂದು ಊರಿನಲ್ಲಿ ಕೇಳಿದ ಅಜ್ಜಿಯರಿಗೆ ಇದನ್ನು ತಿಳಿಯಹೇಳುವುದು ಕಷ್ಟ.

ಇನ್ನು ಈ ಕರದಿಂದ ಒದಗಿದ ಹಾನಿಗಳಲ್ಲೆಲ್ಲ ದೊಡ್ಡದು, ಯಾರ ಲೆಕ್ಕಕ್ಕೂ ಬಾರದೆ ಮನೆಯೊಳಗೆ ಕುಳಿತ ತಾಯಿಯದು. ಭತ್ಯೆಗೆ ಅರ್ಜಿ ಹಾಕಿದ ತಾಯಿಗೆ, ಮಗುವಿಗೆ ಹನ್ನೆರಡು ವರ್ಷ ತುಂಬುವವರೆಗೆ, ಆಕೆ ಹೊರಗೆ ದುಡಿಯದಿದ್ದರೂ ರಾಷ್ಟ್ರೀಯ ವಿಮೆಯ ಪುಸ್ತಕದಲ್ಲಿ ವರ್ಷಗಳು ಜಮೆಯಾಗುತ್ತವೆ. ಪೂರ್ಣ ಪಿಂಚಿಣಿಗೆ ಸಾಮಾನ್ಯವಾಗಿ ೩೫ ವರ್ಷಗಳ ಜಮೆ ಬೇಕು. ಶಿಶುವನ್ನು ಸಾಕುವುದೂ ದುಡಿಮೆಯೇ ಎಂದು ಆ ರಾಜ್ಯವು ಬರೆದೊಪ್ಪಿದ ಸ್ಥಳ ಇದು. ೨೦೧೩ರ ತರುವಾಯ ಎಷ್ಟೋ ಮನೆಗಳಲ್ಲಿ, ಕೊಟ್ಟ ಹಣವನ್ನು ಹಾಗೆಯೇ ಕಸಿದುಕೊಳ್ಳುವಾಗ ಅರ್ಜಿಯಾದರೂ ಏಕೆಂದು ಸುಮ್ಮನಾದರು. ಹಣದ ಮಟ್ಟಿಗೆ ಆ ಲೆಕ್ಕ ಸರಿ. ಆದರೆ ಅರ್ಜಿಯಿಲ್ಲದುದರಿಂದ ತಾಯಿಯ ಪುಸ್ತಕದಲ್ಲಿ ವರ್ಷಗಳು ಜಮೆಯಾಗಲಿಲ್ಲ. ಗಂಡನ ಸಂಬಳ ಹೆಚ್ಚಾಯಿತೆಂಬ ಕಾರಣಕ್ಕೆ ಹೆಂಡತಿಯ ಮುಪ್ಪಿನ ಅನ್ನಕ್ಕೆ ಕತ್ತರಿ ಬಿದ್ದಿತು. ಅದೂ ಆಕೆಗೆ ತಿಳಿಯದಂತೆ. ಮುಂದೆ ದಾಂಪತ್ಯ ಮುರಿದರೆ ಆ ಸಂಬಳ ಗಂಡನೊಡನೆ ಹೋಗುತ್ತದೆ, ಆ ಖಾಲಿ ಪುಟಗಳು ಆಕೆಯೊಡನೆ ಉಳಿಯುತ್ತವೆ. ಈ ಅನ್ಯಾಯವನ್ನು ಸರಕಾರವೂ ಮನಗಂಡು, ಹೀಗೆ ಕಳೆದ ವರ್ಷಗಳನ್ನು ತುಂಬಿಕೊಡಲು ದಾರಿ ಮಾಡುವುದಾಗಿ ೨೦೨೩ರಲ್ಲಿ ಪ್ರಕಟಿಸಿತು.

ಆ ಅರ್ಜಿಯಲ್ಲಿ ಇನ್ನೊಂದು ಅನುಕೂಲವೂ ಇದೆ. ಅದನ್ನು ಬಲ್ಲವರು ಕಡಿಮೆಯಿದ್ದುದೇ ಇಷ್ಟು ನಷ್ಟಕ್ಕೆ ಕಾರಣ. ಭತ್ಯೆಗೆ ತಾನು ಅರ್ಹಳೆಂದು ಹೆಸರು ಬರೆಯಿಸಿ, ಹಣ ಮಾತ್ರ ಬೇಡವೆಂದು ತಿಳಿಸಬಹುದು. ಹಾಗೆ ಮಾಡಿದರೆ ಗಂಡನಿಗೆ ಕರವಿಲ್ಲ, ದಂಡದ ಕಾಗದವಿಲ್ಲ. ತಾಯಿಯ ವರ್ಷಗಳು ಒಂದೊಂದಾಗಿ ಜಮೆಯಾಗುತ್ತ ಹೋಗುತ್ತವೆ. ಮಗುವಿಗೆ ಹದಿನಾರು ತುಂಬುವ ಮುನ್ನ ಅದರ ಹೆಸರಿಗೂ ಒಂದು ವಿಮೆಯ ಸಂಖ್ಯೆ, ಯಾರೂ ಕೇಳದೆಯೇ, ಅಂಚೆಯಲ್ಲಿ ಮನೆಗೆ ಬರುತ್ತದೆ.